ಪಟ್ಟಿಯಲ್ಲಿದ್ದ ಊರು, ಪೆಟ್ಟಿಗೆಯಲ್ಲಿಲ್ಲದ ಊರು: ಸಿಪಿಐಒ ಉಪಕರಣದ ಒಂದು ವಿಮರ್ಶೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಕೆಲವು ವಾಕ್ಯಗಳನ್ನು ಸರಿಪಡಿಸಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಚಿಕ್ಕದು ಮಾಡಿ ಸೇರಿಸಿದ್ದೇನೆ.)

ಧ್ವನಿ ಕೇಳಿಸ್ತಾ ಇದೆ ಅಂದ್ಕೋತೀನಿ. ನಾನಿರೋದು ಹೊಸೂರಿನ ಪಕ್ಕ, ಇಲ್ಲಿ ಕರೆಂಟು ಯಾವಾಗ ಬೇಕಾದರೂ ಹೋಗಬಹುದು. ನಡುವೆ ಕಡಿದುಹೋದರೆ ಎರಡು ನಿಮಿಷ ಕಾಯಿರಿ, ವಾಪಸ್ ಬರ್ತೀನಿ.

ಇವತ್ತಿನ ವಿಷಯದ ಹೆಸರು ನೋಡಿ ಕೆಲವರು ನನಗೆ ಮೆಸೇಜ್ ಮಾಡಿದ್ರು. ಸಿಪಿಐ ಅಂದರೆ ನಮಗೆ ಒಂದೋ ಪಕ್ಷ ನೆನಪಾಗುತ್ತೆ, ಇಲ್ಲಾ ಸರ್ಕಲ್ ಇನ್‌ಸ್ಪೆಕ್ಟರು. ಸಿಪಿಐಒ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿ ಅಂತ ಒಬ್ಬ ಗೆಳೆಯ ತಿದ್ದಿದ. ನಾನು ಹೇಳ್ತಿರೋ ಸಿಪಿಐಒ ಅದಲ್ಲ, ಆದರೆ ತೀರಾ ದೂರದ್ದೂ ಅಲ್ಲ. ಆ ಅಧಿಕಾರಿಯ ಕೆಲಸ ದಾಖಲೆಯ ಪ್ರತಿಯನ್ನು ಕಚೇರಿಯಿಂದ ಹೊರಗೆ ಕೊಡುವುದು. ಈ ಉಪಕರಣದ ಕೆಲಸವೂ ಪ್ರತಿ ಮಾಡುವುದೇ. ಕಡತಗಳನ್ನು ಒಂದು ಕಟ್ಟಿನೊಳಕ್ಕೆ ಪ್ರತಿ ಮಾಡುತ್ತದೆ, ಬೇಕಾದಾಗ ಕಟ್ಟಿನಿಂದ ತೆಗೆದುಕೊಡುತ್ತದೆ. ಹೆಸರಿನ ಅರ್ಥವೇ ಅದು: ಕಾಪಿ ಇನ್, ಕಾಪಿ ಔಟ್.

ಕನ್ನಡ ವಿಭಾಗದ ಸೆಮಿನಾರಿನಲ್ಲಿ ಕಮಾಂಡ್ ಲೈನಿನ ಉಪಕರಣ ಯಾಕೆ ಅಂತ ಕೇಳಬಹುದು. ನಾವು ಶಾಸನ ಸಂಪುಟವನ್ನು ವಿಮರ್ಶೆ ಮಾಡ್ತೀವಿ, ನಿಘಂಟನ್ನು ಮಾಡ್ತೀವಿ, ಗ್ರಂಥ ಸಂಪಾದನೆಯ ಕ್ರಮವನ್ನು ಮಾಡ್ತೀವಿ. ಯಾವುದನ್ನು ಉಳಿಸಿದ್ದಾರೆ, ಯಾವ ಕ್ರಮದಲ್ಲಿ, ಯಾರ ಮಾತಿನ ಮೇಲೆ ಅಂತ ಕೇಳ್ತೀವಿ. ಈಗ ಹಸ್ತಪ್ರತಿಗಳೂ ನೋಟ್‌ಬುಕ್ಕುಗಳೂ ಸ್ಕ್ಯಾನ್ ಆಗಿ ಪೆನ್‌ಡ್ರೈವಿನಲ್ಲಿ ಕೂತಿರುವಾಗ, ಅವನ್ನು ಕಟ್ಟುವ ಉಪಕರಣಕ್ಕೂ ಅದೇ ಪ್ರಶ್ನೆ ಹಾಕಬೇಕು. ನಾನು ಹಾಕಲಿಲ್ಲ. ಅದಕ್ಕೆ ಬೆಲೆ ಕೊಟ್ಟೆ. ಆ ಕಥೆಯಿಂದಲೇ ಶುರು ಮಾಡ್ತೀನಿ.

1. ಐವತ್ತೆರಡು ನೋಟ್‌ಬುಕ್ಕು

ತಳಿ ಕಡೆ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. ಹೆಸರು ಬೇಡ ಅಂದಿದ್ದಾರೆ. ಹೊಸೂರು ಸುತ್ತಮುತ್ತಲ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡಿದವರು. ಬೇಸಿಗೆ ರಜೆಗೆ ಮಕ್ಕಳಿಗೆ ಒಂದು ಕೆಲಸ ಹಚ್ಚುತ್ತಿದ್ದರು: ನಿಮ್ಮ ಊರಿನ ಹೊಲ, ಕೆರೆ, ಕುಂಟೆ, ಬಾವಿ, ದಿಣ್ಣೆ, ದಾರಿಗಳಿಗೆ ಮನೆಯಲ್ಲಿ ಏನು ಹೆಸರು ಹೇಳ್ತಾರೋ ಬರೆದುಕೊಂಡು ಬನ್ನಿ. ರೆವಿನ್ಯೂ ದಾಖಲೆಯಲ್ಲಿ ಇರೋ ಹೆಸರಲ್ಲ, ಅಜ್ಜಿ ಹೇಳೋ ಹೆಸರು. ಮಕ್ಕಳು ಬರೆದರು. ವರ್ಷ ವರ್ಷ ಸೇರಿ ಐವತ್ತೆರಡು ನೋಟ್‌ಬುಕ್ಕು ಆಯಿತು.

ಇದರ ಬೆಲೆ ಏನು ಅನ್ನೋದು ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಎರಡು ಮಾತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಆದಾಗ ಹೊಸೂರು ತಾಲ್ಲೂಕು ಮದ್ರಾಸ್ ರಾಜ್ಯದಲ್ಲೇ, ಸೇಲಂ ಜಿಲ್ಲೆಯಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಅಂದರೆ ಊರು ಇದ್ದಲ್ಲೇ ಇತ್ತು, ಮೇಲಿನ ಬೋರ್ಡು ಮಾತ್ರ ಬದಲಾಗುತ್ತಾ ಬಂತು. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2015-16ಕ್ಕೆ ಹತ್ತನೇ ತರಗತಿ ಮುಟ್ಟಿತು. ಮನೆಯಲ್ಲಿ ಕನ್ನಡ, ಇಲ್ಲಾ ತೆಲುಗು. ಬೀದಿಯಲ್ಲಿ ಮೂರೂ ಭಾಷೆ. ಪರೀಕ್ಷೆಯಲ್ಲಿ ಏನು ಅನ್ನೋದಕ್ಕೆ ಕೋರ್ಟಿನ ಕಡೆ ನೋಡಬೇಕು. ಇಂಥ ಕಡೆ ಒಂದು ಕುಂಟೆಯ ಹೆಸರು ಮೂರನೇ ತಲೆಮಾರಿಗೆ ದಾಟುತ್ತೆ ಅಂತ ಹೇಳೋಕಾಗಲ್ಲ.

ಮೇಷ್ಟ್ರು ನೋಟ್‌ಬುಕ್ಕುಗಳನ್ನು ನನಗೆ ಸ್ಕ್ಯಾನ್ ಮಾಡಲು ಕೊಟ್ಟರು. ಒಂದು ಷರತ್ತು ಹಾಕಿದರು: ಮುಗಿದ ಮೇಲೆ ಬರೆದ ಮಕ್ಕಳಿಗೇ ವಾಪಸ್ ಕೊಡಬೇಕು. ಆ ಮಕ್ಕಳು ಈಗ ಮಕ್ಕಳಲ್ಲ. ಸಿಪ್‌ಕಾಟಿನ ಕಾರ್ಖಾನೆಗಳಲ್ಲಿದ್ದಾರೆ, ಬೆಂಗಳೂರಲ್ಲಿದ್ದಾರೆ, ಮದುವೆಯಾಗಿ ಹೋಗಿದ್ದಾರೆ. ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿದೆವು. ಪ್ರತಿ ನೋಟ್‌ಬುಕ್ಕಿಗೆ ಒಂದು ಪಿಡಿಎಫ್, ಹೆಸರು ಊರಿನದು, ಪಕ್ಕದಲ್ಲಿ ಅಂಕೆ. ತಳಿ 12, ಬಾಗಲೂರು 9, ಹೊಸೂರು 8, ಕೆಲಮಂಗಲ 7, ಅಂಚೆಟ್ಟಿ 5, ಬೇರಿಕೆ 5, ಡೆಂಕಣಿಕೋಟೆ 4, ರಾಯಕೋಟೆ 2. ಅವನ್ನು ಎರವಲು ತಂದ ಹಾರ್ಡ್ ಡಿಸ್ಕಿಗೆ ಹಾಕಿ ನನ್ನ ಲಿನಕ್ಸ್ ಕಂಪ್ಯೂಟರಿಗೆ ತಂದೆ.

ಕ್ರಮವನ್ನು ಮೇಷ್ಟ್ರೇ ಹೇಳಿದರು. ಯಾವ ನೋಟ್‌ಬುಕ್ಕಿನ ಹಿಂದೆ ಯಾವುದು ಬರಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಾನದನ್ನು ಟೈಪ್ ಮಾಡಿದೆ, ಸಾಲಿಗೊಂದು ಹೆಸರು, ಐವತ್ತೆರಡು ಸಾಲು. ಪಟ್ಟಿ ಕೈಯಲ್ಲಿದ್ದರೆ ಸಿಪಿಐಒ ಬಲು ಸಲೀಸು. ಪಟ್ಟಿಯನ್ನು ಅದಕ್ಕೆ ಉಣಿಸಿದೆ. ಪರದೆ ಮೇಲೆ ಹೆಸರುಗಳು ಸರಸರ ಓಡಿದವು, ಕೊನೆಗೆ ಇಷ್ಟು ಬ್ಲಾಕು ಅಂತ ಒಂದು ಅಂಕೆ ಬಂತು. ಆಯ್ತು ಅಂದುಕೊಂಡೆ. ಆ ಕಟ್ಟನ್ನು ಎರಡು ಪೆನ್‌ಡ್ರೈವಿಗೆ ಹಾಕಿದೆ, ಒಂದು ಮೇಷ್ಟ್ರಿಗೆ, ಒಂದು ನನಗೆ. ಹಾರ್ಡ್ ಡಿಸ್ಕು ವಾಪಸ್ ಹೋಯಿತು, ಅದರ ಯಜಮಾನ ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡ. ನನ್ನ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಬಿಡಿ ಕಡತಗಳನ್ನು ನಾನೂ ಅಳಿಸಿದೆ. ನೋಟ್‌ಬುಕ್ಕುಗಳು ಮಾತಿನಂತೆ ಬರೆದವರ ಕೈ ಸೇರಿದವು.

ಎಂಟು ತಿಂಗಳಾದ ಮೇಲೆ ಮೇಷ್ಟ್ರು ಫೋನ್ ಮಾಡಿದರು. "ಬೇರಿಕೆ ಹುಡುಗಿ ಬರೆದಿದ್ಲಲ್ಲಪ್ಪಾ, ಆ ಕುಂಟೆಗಳ ಪಟ್ಟಿ, ಅದನ್ನ ಸ್ವಲ್ಪ ತೆಗಿ."

ತೆಗೆದೆ. ಇರಲಿಲ್ಲ. ಬೇರಿಕೆ ಐದೂ ಇಲ್ಲ. ಹೊಸೂರು ಎಂಟೂ ಇಲ್ಲ. ರಾಯಕೋಟೆ ಇಲ್ಲ, ಡೆಂಕಣಿಕೋಟೆ ಇಲ್ಲ. ಒಟ್ಟು ಹತ್ತೊಂಬತ್ತು. ಉಳಿದ ಮೂವತ್ತಮೂರು, ತಳಿ, ಬಾಗಲೂರು, ಕೆಲಮಂಗಲ, ಅಂಚೆಟ್ಟಿ, ಒಂದೂ ಬಿಡದೆ ಇದ್ದವು.

2. ಯಾವ ಊರು ಹೋಯಿತು, ಯಾಕೆ

ಮೊದಲು ನಾನು ಡಿಸ್ಕು ಕೆಟ್ಟಿರಬೇಕು ಅಂದುಕೊಂಡೆ. ಆದರೆ ಕೆಟ್ಟ ಡಿಸ್ಕು ಊರು ನೋಡಿ ಅಳಿಸಲ್ಲ. ಆಮೇಲೆ ಹೋದ ಊರುಗಳ ಹೆಸರನ್ನು ಒಂದರ ಕೆಳಗೆ ಒಂದು ಬರೆದು ನೋಡಿದೆ: ಹೊಸೂರು, ಬೇರಿಕೆ, ರಾಯಕೋಟೆ, ಡೆಂಕಣಿಕೋಟೆ. ಪಕ್ಕದಲ್ಲಿ ಉಳಿದವು: ತಳಿ, ಬಾಗಲೂರು, ಕೆಲಮಂಗಲ, ಅಂಚೆಟ್ಟಿ. ನೀವೂ ಒಂದು ನಿಮಿಷ ನೋಡಿ, ವ್ಯತ್ಯಾಸ ಕಾಣ್ತದಾ?

ಹೋದವುಗಳಲ್ಲಿ ಒತ್ವ, ಏತ್ವ, ಓತ್ವ ಇವೆ. ಉಳಿದವುಗಳಲ್ಲಿ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯೂನಿಕೋಡಿನಲ್ಲಿ ಕನ್ನಡದ ಐದು ಸ್ವರ ಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು: ಕೀ, ಕೇ, ಕೈ, ಕೊ, ಕೋ ಇವುಗಳ ಚಿಹ್ನೆಗಳು. ಇಡಿಯಾಗಿ ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಬಿಡಿಸಿ ಬರೆಯಬಹುದು. ಒತ್ವವನ್ನು ಬಿಡಿಸಿದರೆ ಎತ್ವ, ಜೊತೆಗೆ ಕೊಂಬಿನ ದೀರ್ಘ. ಓತ್ವವನ್ನು ಬಿಡಿಸಿದರೆ ಅವೆರಡು, ಜೊತೆಗೆ ದೀರ್ಘದ ಚಿಹ್ನೆ. ಔತ್ವಕ್ಕೆ ಕನ್ನಡದಲ್ಲಿ ಈ ಬಿಡಿಸುವಿಕೆ ಇಲ್ಲ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಣ್ಣಿಗೆ ಹೊಸೂರು ಒಂದೇ, ಯಂತ್ರಕ್ಕೆ ಎರಡು ಹೊಸೂರು.

ಲೆಕ್ಕ ಹಾಕಿ ನೋಡಿ. ಇಡಿಯಾಗಿ ಬರೆದ ಹೊಸೂರಿನಲ್ಲಿ ಆರು ಸಂಕೇತ: ಹ, ಒತ್ವ, ಸ, ಕೊಂಬಿನ ದೀರ್ಘ, ರ, ಕೊಂಬು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು, ಒಟ್ಟು 18. ಬಿಡಿಸಿ ಬರೆದರೆ ಏಳು ಸಂಕೇತ, 21 ಬೈಟು. ಕೃಷ್ಣಗಿರಿಗೆ ಈ ಕಾಟ ಇಲ್ಲ. ಒತ್ತಕ್ಷರ ಇದ್ದರೂ ಅದು ಯಾವಾಗಲೂ ಒಂಬತ್ತು ಸಂಕೇತ, 27 ಬೈಟು. ಜಿಲ್ಲೆಯ ಹೆಸರು ಗಟ್ಟಿ, ತಾಲ್ಲೂಕಿನ ಹೆಸರು ಒಡೆಯುತ್ತೆ.

ಗೆಳೆಯನ ಕಂಪ್ಯೂಟರಿನ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಟ್ಟುಕೊಳ್ಳುವ ಜಾತಿಯದು. ಎಚ್‌ಎಫ್‌ಎಸ್ ಪ್ಲಸ್ ಅನ್ನುವ ವ್ಯವಸ್ಥೆ ಹಾಗೆ ಮಾಡುತ್ತೆ. ನನ್ನ ಲಿನಕ್ಸಿನಲ್ಲಿ ನಾನು ಟೈಪ್ ಮಾಡಿದ ಪಟ್ಟಿ ಇಡಿಯಾದ ರೂಪದ್ದು. ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆಗೆ ಹೆಸರು ಅಂದರೆ ಬೈಟುಗಳ ಸಾಲು, ಅಷ್ಟೇ. ಅದಕ್ಕೆ 18 ಬೈಟಿನ ಹೊಸೂರು ಕೇಳಿದರೆ, 21 ಬೈಟಿನ ಹೊಸೂರು ಎದುರಿಗೇ ಕೂತಿದ್ದರೂ "ಅಂಥ ಕಡತ ಇಲ್ಲ" ಅನ್ನುತ್ತೆ. ಸಿಪಿಐಒ ಆ ಹತ್ತೊಂಬತ್ತು ಹೆಸರಿಗೂ ಇಲ್ಲ, ಇಲ್ಲ ಅಂತ ಹೇಳಿತ್ತು. ನಾನು ನೋಡಲಿಲ್ಲ.

ಮೇಷ್ಟ್ರಿಗೆ ಇದನ್ನು ಹೇಗೆ ವಿವರಿಸೋದು ಅಂತ ಭಯ ಇತ್ತು. ಕಾಗದದ ಮೇಲೆ ಬರೆದು ತೋರಿಸಿದೆ. ಅವರು ನೋಡಿದ ತಕ್ಷಣ ಹೇಳಿದರು: "ಹಕ್ಕೆ ಎತ್ವ, ಕೊಂಬಿನ ದೀರ್ಘ, ಹೊ. ಒಂದನೇ ಕ್ಲಾಸಲ್ಲಿ ನಾನು ಹಂಗೇ ತಾನೇ ಹೇಳಿಕೊಡ್ತಿದ್ದಿದ್ದು? ನಿನ್ನ ಕಂಪ್ಯೂಟರ್ರು ಕಾಗುಣಿತ ಕಲಿತಿಲ್ಲ, ಅಷ್ಟೇ ಕಣಪ್ಪ." ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

3. ಪಟ್ಟಿ ಯಾರದು

ಈಗ ವಿಮರ್ಶೆಗೆ ಬರ್ತೀನಿ. ತಪ್ಪು ನನ್ನದು, ಅದರಲ್ಲಿ ಅನುಮಾನ ಇಲ್ಲ. ಆದರೆ ಉಪಕರಣದ ರಚನೆ ಈ ತಪ್ಪಿಗೆ ಎಷ್ಟು ಜಾಗ ಬಿಟ್ಟಿದೆ, ಯಾಕೆ ಬಿಟ್ಟಿದೆ ಅನ್ನೋದು ಬೇರೆ ಪ್ರಶ್ನೆ.

ಸಿಪಿಐಒ ಹುಟ್ಟಿದ್ದು 1977ರಲ್ಲಿ, ಎಟಿ ಅಂಡ್ ಟಿಯಲ್ಲಿದ್ದ ಡಿಕ್ ಹೈಟ್ ಕೈಯಲ್ಲಿ, ಪಿಡಬ್ಲ್ಯುಬಿ ಯುನಿಕ್ಸ್‌ನ ಭಾಗವಾಗಿ. ಕಡತ ಹುಡುಕುವ ಫೈಂಡ್ ಅನ್ನೋ ಉಪಕರಣವೂ ಅವರದೇ. ಎರಡನ್ನೂ ಜೋಡಿಯಾಗಿ ಬಳಸಬೇಕು ಅನ್ನೋದು ಲೆಕ್ಕ: ಫೈಂಡ್ ಹುಡುಕಿ ಹೆಸರುಗಳ ಪಟ್ಟಿ ಕೊಡುತ್ತೆ, ಸಿಪಿಐಒ ಆ ಪಟ್ಟಿಯಂತೆ ಕಟ್ಟುತ್ತೆ. ಇನ್ನೊಂದು ಕಡೆ ಟಾರ್ ಇದೆ, 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಬಂದದ್ದು. ಟಾರ್‌ಗೆ ಒಂದು ಫೋಲ್ಡರ್ ತೋರಿಸಿದರೆ ಸಾಕು, ಒಳಗಿರೋದನ್ನೆಲ್ಲ ತಾನೇ ಗೋರಿಕೊಳ್ಳುತ್ತೆ. ಸಿಪಿಐಒ ಹಾಗಲ್ಲ. ಏನು ಕಟ್ಟಬೇಕು ಅನ್ನೋದನ್ನು ತಾನು ತೀರ್ಮಾನ ಮಾಡಲ್ಲ. ಪಟ್ಟಿಯಲ್ಲಿ ಇರೋದನ್ನು, ಪಟ್ಟಿಯಲ್ಲಿ ಇರೋ ಕ್ರಮದಲ್ಲಿ, ಸಾಲಿಗೊಂದರಂತೆ ತಗೊಳ್ಳುತ್ತೆ.

ಇದು ಈ ಉಪಕರಣದ ದೊಡ್ಡ ಗುಣ ಅಂತ ನಾನು ಈಗಲೂ ಹೇಳ್ತೀನಿ. ಆಯ್ಕೆಯ ಕೆಲಸ ಬೇರೆ, ಕಟ್ಟುವ ಕೆಲಸ ಬೇರೆ ಅಂತ ಒಪ್ಪಿಕೊಂಡಿರೋ ಉಪಕರಣ ಇದು. ಮೇಷ್ಟ್ರ ಕ್ರಮವನ್ನು ಉಳಿಸಬೇಕು ಅನ್ನೋದಕ್ಕೆ ನಾನು ಇದನ್ನೇ ಆರಿಸಿದ್ದು ಅದಕ್ಕೇ. ಪಟ್ಟಿ ಮೇಷ್ಟ್ರದು, ಮಾತು ಮೇಷ್ಟ್ರದು.

ದೋಷ ಇರೋದೂ ಅಲ್ಲೇ. ಪಟ್ಟಿಗಳಲ್ಲಿ ಎರಡು ಜಾತಿ. ಒಂದು, ಡಿಸ್ಕಿನಲ್ಲಿ ಏನಿದೆ ಅಂತ ನೋಡಿ ಮಾಡಿದ್ದು. ಫೈಂಡ್ ಕೊಡುವ ಪಟ್ಟಿ ಅದು, ಹೆಸರಿನ ಬೈಟುಗಳನ್ನು ಇದ್ದ ಹಾಗೇ ಕೊಡುತ್ತೆ. ಆ ಪಟ್ಟಿ ಉಣಿಸಿದ್ದರೆ ನನ್ನ ಹತ್ತೊಂಬತ್ತು ಕಡತಗಳೂ ಸುಮ್ಮನೆ ಒಳಗೆ ಬರ್ತಿದ್ದವು. ಇನ್ನೊಂದು, ಏನು ಇರಬೇಕು ಅಂತ ತಿಳಿದವರು ನೆನಪಿನಿಂದ ಮಾಡಿದ್ದು. ಮೇಷ್ಟ್ರ ಹಾಳೆ ಎರಡನೆಯದು. ಸಿಪಿಐಒಗೆ ಎರಡರ ನಡುವೆ ವ್ಯತ್ಯಾಸ ಗೊತ್ತಿಲ್ಲ. ಇರಬೇಕಾದ್ದರ ಪಟ್ಟಿಯನ್ನೂ ಇರುವುದರ ಪಟ್ಟಿ ಅಂತಲೇ ಓದುತ್ತೆ. ಸಿಗದ ಹೆಸರಿಗೆ ಒಂದು ಸಾಲು ಗೊಣಗಿ ಮುಂದೆ ಹೋಗುತ್ತೆ.

ಆ ಗೊಣಗಾಟವಾದರೂ ಎಲ್ಲಿ ಬೀಳುತ್ತೆ? ಕಟ್ಟು ಹೋಗುವುದು ಮುಖ್ಯ ಕೊಳವೆಯಲ್ಲಿ. ದೂರು ಹೋಗುವುದು ಪಕ್ಕದ ಕೊಳವೆಯಲ್ಲಿ. ಆದರೆ "ಮಾಡ್ತಾ ಇರೋದನ್ನು ಹೆಸರು ಹೆಸರಾಗಿ ತೋರಿಸು" ಅಂತ ಕೇಳಿಕೊಂಡರೆ, ಯಶಸ್ಸಿನ ಹೆಸರುಗಳೂ ಅದೇ ಪಕ್ಕದ ಕೊಳವೆಯಲ್ಲೇ ಬರುತ್ತವೆ. "ತಳಿ 4" ಅಂತ ಒಂದು ಸಾಲು, ಅದರ ಕೆಳಗೆ "ಹೊಸೂರು 1" ಅಂತ ಇನ್ನೊಂದು, ಅದರ ಮುಂದೆ ಸಣ್ಣದಾಗಿ "ಸಿಗಲಿಲ್ಲ". ಓಡುವ ಪರದೆಯಲ್ಲಿ ಹೆಸರು ಕಂಡಿತು, ಮುಂದಿನ ಮಾತು ಕಾಣಲಿಲ್ಲ. ಹಾಜರಿ ಕರೆಯುವಾಗ ಬಂದವರ ಹೆಸರನ್ನೂ ಬಾರದವರ ಹೆಸರನ್ನೂ ಒಂದೇ ಧ್ವನಿಯಲ್ಲಿ ಓದಿದ ಹಾಗೆ.

ಕೊನೆಯಲ್ಲಿ ಬರುವ ವರದಿ ಇನ್ನೂ ವಿಚಿತ್ರ. ಎಷ್ಟು ಕಡತ ಕೇಳಿದಿರಿ, ಎಷ್ಟು ಸಿಕ್ಕಿತು ಅಂತ ಹೇಳಲ್ಲ. ಎಷ್ಟು ಬ್ಲಾಕು ಅಂತ ಹೇಳುತ್ತೆ, 512 ಬೈಟಿಗೆ ಒಂದು ಬ್ಲಾಕು. ಟೇಪಿನ ಕಾಲದಲ್ಲಿ ಅದು ಬೇಕಾದ ಅಂಕೆ, ಟೇಪು ಸಾಲುತ್ತಾ ಅಂತ ತಿಳಿಯಬೇಕಿತ್ತು. ನನಗೆ ಬೇಕಿದ್ದ ಅಂಕೆ ಐವತ್ತೆರಡಕ್ಕೆ ಎಷ್ಟು ಅನ್ನೋದು. ಗೋಣಿಚೀಲ ತೂಕ ಹಾಕಿ ಒಳಗೆ ಎಷ್ಟು ಜನರ ರಾಗಿ ಇದೆ ಅಂತ ಹೇಳೋಕಾಗಲ್ಲ.

4. ಒಳಗೆ ಯಾವುದು, ಹೊರಗೆ ಯಾವುದು

ಈ ಉಪಕರಣದ ಪದಗಳ ಬಗ್ಗೆ ಒಂದು ಮಾತು. ಕಡತಗಳನ್ನು ಕಟ್ಟಿಗೆ ಸೇರಿಸುವುದಕ್ಕೆ ಇದು "ಕಾಪಿ ಔಟ್" ಅನ್ನುತ್ತೆ. ಕಟ್ಟಿನಿಂದ ತೆಗೆಯುವುದಕ್ಕೆ "ಕಾಪಿ ಇನ್". ಹೊಸಬರಿಗೆಲ್ಲ ಇದು ಉಲ್ಟಾ ಅನಿಸುತ್ತೆ. ನಾವು ದಫ್ತರದೊಳಗೆ ಇಡ್ತೀವಿ, ದಫ್ತರದಿಂದ ಹೊರಗೆ ತೆಗೀತೀವಿ. ಸಿಪಿಐಒ ಮಾತ್ರ ಕಡತ ವ್ಯವಸ್ಥೆಯ ಅಂಗಳದಲ್ಲಿ ನಿಂತು ಮಾತಾಡುತ್ತೆ. ಅದರ ಪಾಲಿಗೆ ಡಿಸ್ಕು ಮನೆ, ಕಟ್ಟು ಹೊರಗಿನದು. ಕಟ್ಟಿಗೆ ಹೋದದ್ದು ಹೊರಟುಹೋದದ್ದು.

ತಪ್ಪು ಅಂತ ನಾನು ಹೇಳಲ್ಲ. ಒಳಗೆ ಹೊರಗೆ ಅನ್ನೋದು ಎಲ್ಲಿ ನಿಂತು ನೋಡ್ತೀವಿ ಅನ್ನೋದರ ಮೇಲೆ. ನಮ್ಮನ್ನೇ ತಗೊಳ್ಳಿ. ಬೆಂಗಳೂರಿನ ಸಭೆಗಳಲ್ಲಿ ನಮಗೆ ಹೊರನಾಡ ಕನ್ನಡಿಗರು ಅಂತಾರೆ. ನಮ್ಮ ತಾತ ಎಲ್ಲಿಗೂ ಹೊರಟಿರಲಿಲ್ಲ. ಆದರೆ ಉಪಕರಣ ತಾನು ಎಲ್ಲಿ ನಿಂತಿದೆ ಅಂತ ಬಿಡಿಸಿ ಹೇಳಬೇಕು. ಕೈಪಿಡಿಯಲ್ಲಿ ಈ ಎರಡು ಪದಗಳನ್ನು ಕೊಟ್ಟಿದ್ದಾರೆ ಹೊರತು ಓದುಗ ಗೊಂದಲಕ್ಕೆ ಬೀಳ್ತಾನೆ ಅಂತ ಅನುಕಂಪ ತೋರಿಸಿಲ್ಲ.

ಇದಕ್ಕೇ ಸೇರಿದ ಇನ್ನೊಂದು ಸಂಗತಿ. ಫೈಂಡ್‌ಗೆ ಒಂದು ಆಯ್ಕೆ ಇದೆ, ಎಕ್ಸ್‌ಡೆವ್ ಅಂತ. ಅದನ್ನು ಕೊಟ್ಟರೆ ಹುಡುಕಾಟ ಒಂದು ಕಡತ ವ್ಯವಸ್ಥೆಯ ಎಲ್ಲೆ ದಾಟಲ್ಲ. ಪಕ್ಕದ ಫೋಲ್ಡರು ಬೇರೆ ಡಿಸ್ಕಿನದಾದರೆ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತೆ. ಬ್ಯಾಕಪ್ ಮಾಡುವವರಿಗೆ ತುಂಬಾ ಉಪಯೋಗ. ನನಗೆ ಇದನ್ನು ಓದಿದಾಗ ಎಪಿಗ್ರಾಫಿಯಾ ಕರ್ನಾಟಿಕ ನೆನಪಾಯ್ತು. ಬಿ.ಎಲ್. ರೈಸ್ ಸಂಪಾದಿಸಿದ ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳದ್ದು. 1905ರ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು, ಅದರಲ್ಲಿ ಆನೇಕಲ್ ತಾಲ್ಲೂಕು ಇದೆ. ಹತ್ತನೆಯದು ಕೋಲಾರ, ಅದರಲ್ಲಿ ಮಾಲೂರು ಇದೆ. ಆನೇಕಲ್ಲಿಗೂ ಮಾಲೂರಿಗೂ ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುವ ಹೊಸೂರು ಆ ಎಣಿಕೆಯಲ್ಲಿ ಇಲ್ಲ, ಯಾಕೆಂದರೆ ಅದು ಮದ್ರಾಸಿನದು. ಅತ್ತಿಬೆಲೆ ದಾಟಿ ಜೂಜುವಾಡಿಗೆ ಬರುವಷ್ಟರಲ್ಲಿ ಪಟ್ಟಿ ಬದಲಾಗುತ್ತೆ. ಈ ಕಡೆಯ ಶಾಸನಗಳನ್ನು, ವೀರಗಲ್ಲುಗಳನ್ನು ಮದ್ರಾಸಿನ ಶಾಸನ ಇಲಾಖೆಯವರು, ಆಮೇಲೆ ತಮಿಳುನಾಡಿನ ಪುರಾತತ್ವ ಇಲಾಖೆಯವರು ಬೇರೆ ಪಟ್ಟಿಯಲ್ಲಿ ಬರೆದುಕೊಂಡರು. ಯಾರದೂ ಮೋಸ ಅಲ್ಲ. ರೈಸ್ ಅವರ ಕೆಲಸ ಸಂಸ್ಥಾನದ ಕೆಲಸ, ಎಲ್ಲೆ ಅಲ್ಲಿಗೆ. ಆದರೆ ಇವತ್ತು ಒಬ್ಬ ವಿದ್ಯಾರ್ಥಿ ಕನ್ನಡ ಶಾಸನ ಅಂದ ಕೂಡಲೇ ಆ ಸಂಪುಟಗಳನ್ನೇ ತೆಗೆದು ಹೊಸೂರು ಕಡೆ ಏನೂ ಇಲ್ಲ ಅಂತ ತೀರ್ಮಾನಿಸಿದರೆ, ಅದು ನಾನು ಬ್ಲಾಕಿನ ಅಂಕೆ ನೋಡಿ ಆಯ್ತು ಅಂದುಕೊಂಡ ಹಾಗೇ. ಕಟ್ಟಿನಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಅಂತ ಆಗಲ್ಲ. ಪಟ್ಟಿಯ ಎಲ್ಲೆ ಎಲ್ಲಿತ್ತು ಅಂತ ಮೊದಲು ಕೇಳಬೇಕು.

5. ಹೆಸರಿನ ಉದ್ದ, ಕಡತದ ವಯಸ್ಸು

ಕಟ್ಟಿನ ಒಳರಚನೆಯನ್ನೂ ನೋಡೋಣ. ಈಗ ಹೆಚ್ಚು ಬಳಕೆಯಲ್ಲಿರೋ ರೂಪಕ್ಕೆ ನ್ಯೂಸಿ ಅಂತ ಹೆಸರು. ಪ್ರತಿ ಕಡತದ ಮುಂದೆ 110 ಅಕ್ಷರದ ಒಂದು ತಲೆಬರಹ ಇರುತ್ತೆ. ಮೊದಲ ಆರು 070701 ಅನ್ನೋ ಗುರುತು. ಆಮೇಲೆ ಎಂಟೆಂಟು ಅಂಕೆಯ ಹದಿಮೂರು ಮನೆ: ಯಜಮಾನ ಯಾರು, ಯಾವಾಗ ಬದಲಾಯಿತು, ಎಷ್ಟು ದೊಡ್ಡದು, ಹೆಸರು ಎಷ್ಟು ಉದ್ದ. ಎಲ್ಲವೂ ಹದಿನಾರರ ಎಣಿಕೆಯಲ್ಲಿ, ಓದಬಲ್ಲ ಅಕ್ಷರಗಳಲ್ಲಿ. ಇದು ಒಳ್ಳೆಯದು. ಹಳೆಯ ಬೈನರಿ ರೂಪದಲ್ಲಿ ಒಂದು ಯಂತ್ರ ಬರೆದ ಅಂಕೆಯನ್ನು ಇನ್ನೊಂದು ಯಂತ್ರ ಹಿಂದುಮುಂದು ಓದುವ ಕಷ್ಟ ಇತ್ತು. ಇಲ್ಲಿ ಅದಿಲ್ಲ. ಉಪಕರಣ ಕಳೆದುಹೋದರೂ ತಾಳ್ಮೆ ಇರೋ ಮನುಷ್ಯ ಈ ಕಟ್ಟನ್ನು ಕೈಯಿಂದ ಬಿಚ್ಚಬಹುದು.

ಹೆಸರಿನ ಉದ್ದದ ಮನೆಯಲ್ಲಿ ಬೈಟುಗಳ ಎಣಿಕೆ, ಕೊನೆಯ ಸೊನ್ನೆ ಬೈಟೂ ಸೇರಿ. ಇಡಿಯಾದ ಹೊಸೂರಿಗೆ 19, ಹದಿನಾರರ ಎಣಿಕೆಯಲ್ಲಿ 13. ಬಿಡಿಸಿದ ಹೊಸೂರಿಗೆ 22, ಅಂದರೆ 16. ಒಂದೇ ಕಟ್ಟಿನಲ್ಲಿ ಎರಡೂ ಜೊತೆಗೆ ಕೂರಬಹುದು, ಸಿಪಿಐಒ ಚಕಾರ ಎತ್ತಲ್ಲ. ಕಟ್ಟು ಎಲ್ಲಿ ಮುಗಿಯಿತು ಅನ್ನೋದಕ್ಕೂ ಒಂದು ಹೆಸರೇ ಗುರುತು: ಟ್ರೇಲರ್ ಅನ್ನೋ ಪದ, ಮುಂದೆ ಮೂರು ಆಶ್ಚರ್ಯಸೂಚಕ. ಆ ಹೆಸರಿನ ಖಾಲಿ ಕಡತ ಸಿಕ್ಕರೆ ಕಟ್ಟು ಮುಗಿಯಿತು ಅಂತ ಲೆಕ್ಕ. ಹೆಸರುಗಳ ಮೇಲೆ ಇಷ್ಟು ಭಾರ ಹಾಕಿದ ಉಪಕರಣ ಹೆಸರು ಅಂದರೆ ಏನು ಅಂತ ಒಮ್ಮೆಯೂ ಕೇಳಿಕೊಳ್ಳಲ್ಲ ಅನ್ನೋದೇ ನನ್ನ ಮುಖ್ಯ ತಕರಾರು.

ವಯಸ್ಸಿನ ವಿಷಯ ಇನ್ನೊಂದು. ಹತ್ತೊಂಬತ್ತರಲ್ಲಿ ಹದಿನಾಲ್ಕು ನೋಟ್‌ಬುಕ್ಕುಗಳನ್ನು ಮೇಷ್ಟ್ರೂ ನಾನೂ ಹುಡುಕಿಕೊಂಡು ಹೋಗಿ ಮತ್ತೆ ಸ್ಕ್ಯಾನ್ ಮಾಡಿದೆವು. ತಳಿಯ ಎರಡು ಮಸುಕಾಗಿ ಬಂದಿದ್ದವು, ಅವನ್ನೂ ಮತ್ತೆ ಮಾಡಿದೆವು. ಹೊಸ ಕಟ್ಟು ಕಟ್ಟಿ ಬಿಚ್ಚಿದಾಗ ತಳಿಯ ಮಸುಕು ಪ್ರತಿಗಳೇ ಉಳಿದುಕೊಂಡವು. ಯಾಕೆಂದರೆ, ಬಿಚ್ಚುವ ಜಾಗದಲ್ಲಿ ಅದೇ ಹೆಸರಿನ ಕಡತ ಇದ್ದು ಅದರ ತಾರೀಖು ಹೊಸದಾಗಿದ್ದರೆ ಸಿಪಿಐಒ ಅದನ್ನು ಮುಟ್ಟಲ್ಲ, "ಇದಕ್ಕಿಂತ ಹೊಸದು ಇಲ್ಲಿದೆ" ಅನ್ನುತ್ತೆ. ಮುಟ್ಟು ಅಂತ ಬೇರೆ ಹೇಳಬೇಕು. ಇನ್ನು ಹಳೆಯ ತಾರೀಖು ಉಳಿಸು ಅಂತ ಹೇಳದಿದ್ದರೆ ಬಿಚ್ಚಿದ ಕಡತಗಳಿಗೆ ಬಿಚ್ಚಿದ ದಿನದ ತಾರೀಖೇ ಬೀಳುತ್ತೆ. ಹಿಂದೊಮ್ಮೆ ಹಳೆಯ ಕಟ್ಟು ಬಿಚ್ಚಿದಾಗ ನಾನು ಅದನ್ನೂ ಹೇಳಿರಲಿಲ್ಲ. ಹಾಗಾಗಿ ಮಸುಕು ಪ್ರತಿ ಹೊಸತಾಯಿತು, ಒಳ್ಳೆ ಪ್ರತಿ ಹಳತಾಯಿತು.

ಎಚ್ಚರಿಕೆಯ ಉದ್ದೇಶ ಒಳ್ಳೆಯದೇ, ಗೊತ್ತಿಲ್ಲದೆ ಮೇಲೆ ಬರೆಯಬಾರದು. ಆದರೆ ಯಾವುದು ಉತ್ತಮ ಪಾಠ ಅನ್ನೋದನ್ನು ತಾರೀಖು ತೀರ್ಮಾನಿಸಬಾರದು ಅಂತ ಗ್ರಂಥ ಸಂಪಾದನೆಯ ತರಗತಿಯಲ್ಲಿ ನಮಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು.

6. ಹಳತಾದರೂ ಹೋಗದ್ದು

ಇಷ್ಟೆಲ್ಲ ದೂರು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಟಾರ್ ದೊಡ್ಡದೋ ಸಿಪಿಐಒ ದೊಡ್ಡದೋ ಅಂತ ಯುನಿಕ್ಸ್ ಲೋಕದಲ್ಲಿ ಜಗಳವೇ ಆಯಿತು. ರಾಜಿಗೆ ಅಂತ ಪ್ಯಾಕ್ಸ್ ಅನ್ನೋ ಉಪಕರಣ ಮಾಡಿದರು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಶಾಂತಿ ಅಂತ ಅರ್ಥ. 2001ರ ಪಾಸಿಕ್ಸ್ ಮಾನದಂಡದಲ್ಲಿ ಪ್ಯಾಕ್ಸ್ ಇದೆ, ಸಿಪಿಐಒ ಅನ್ನೋ ಆಜ್ಞೆ ಇಲ್ಲ. ಆದರೆ ಅದರ ಕಟ್ಟುವ ರೂಪ ಹೋಗಲಿಲ್ಲ. ಲಿನಕ್ಸ್ ಕಂಪ್ಯೂಟರು ಏಳುವಾಗ ಕರ್ನಲ್ ಮೊದಲು ಬಿಚ್ಚಿಕೊಳ್ಳುವ ಸಣ್ಣ ಬುತ್ತಿ, ಇನಿಟ್‌ರ್ಯಾಮ್‌ಎಫ್‌ಎಸ್ ಅಂತಾರಲ್ಲ, ಅದು ಇದೇ ನ್ಯೂಸಿ ರೂಪದ್ದು. ಆರ್‌ಪಿಎಂ ಪೊಟ್ಟಣಗಳ ಒಳಗಿನ ಕಟ್ಟೂ ಸಿಪಿಐಒ. ಸರಳ, ನೇರ, ಬಿಚ್ಚುವುದು ಸುಲಭ, ಅದಕ್ಕೇ ಉಳಿಯಿತು. ಆ ಕೆಲಸಗಳಲ್ಲಿ ಪಟ್ಟಿಯನ್ನು ಯಂತ್ರವೇ ಮಾಡುತ್ತೆ, ಹೆಸರುಗಳೂ ಬಹುಪಾಲು ಬರೀ ಇಂಗ್ಲಿಷ್ ಅಕ್ಷರದವು. ನನ್ನಂಥವನು ಮೇಷ್ಟ್ರ ಹಾಳೆ ಹಿಡಿದುಕೊಂಡು, ಕನ್ನಡದ ಊರುಗಳ ಹೆಸರಿನಲ್ಲಿ ಹೋದಾಗಲೇ ಬಿರುಕು ಕಾಣೋದು. ಅಂದರೆ ಉಪಕರಣ ಕೆಟ್ಟದ್ದಲ್ಲ. ಯಾರ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರೋ ಅವರ ಕೆಲಸಕ್ಕೆ ಅದು ಸರಿಯಾಗಿದೆ.

ಉಳಿದ ಐದು ನೋಟ್‌ಬುಕ್ಕು ಬೇರಿಕೆಯವು. ಎರಡು ಮನೆ ಕೆಡವುವಾಗ ಹೋದವು. ಎರಡನ್ನು ಬರೆದವರು ಸಿಗಲಿಲ್ಲ. ಒಂದು, ಮೇಷ್ಟ್ರು ಕೇಳಿದ ಆ ಕುಂಟೆಗಳ ಪಟ್ಟಿ. ಬರೆದ ಹುಡುಗಿ ಸಿಕ್ಕಿದಳು, ಮದುವೆಯಾಗಿ ಮಾಲೂರು ಕಡೆ ಇದ್ದಾಳೆ. ನೋಟ್‌ಬುಕ್ಕು ತವರಲ್ಲಿ ಮಳೆಗೆ ನೆಂದು ಹೋಗಿತ್ತು. ಹೆಸರುಗಳು ಹೇಳಿದ ಅಜ್ಜಿ ಈಗ ಇಲ್ಲ. ಅವಳಿಗೆ ಏಳು ಕುಂಟೆಯ ಹೆಸರು ಜ್ಞಾಪಕ ಇತ್ತು, ಫೋನಿನಲ್ಲಿ ಹೇಳಿದಳು, ಬರೆದುಕೊಂಡೆ. ನೋಟ್‌ಬುಕ್ಕಿನಲ್ಲಿ ಎಷ್ಟಿದ್ದವು ಅಂತ ಕೇಳಿದೆ. "ಎರಡು ಪುಟ ತುಂಬಾ ಇದ್ವು ಅಣ್ಣ" ಅಂದಳು.

ಇಷ್ಟು ಹೇಳಿ ನಿಲ್ಲಿಸ್ತೀನಿ. ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೋತ್ತರ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ): ಟಾರ್ ಬಳಸಿದ್ದರೆ ಈ ಸಮಸ್ಯೆ ಬರ್ತಿತ್ತಾ?

ಫೋಲ್ಡರ್ ತೋರಿಸಿ ಕಟ್ಟಿದ್ದರೆ ಬರ್ತಿರಲಿಲ್ಲ. ಆದರೆ ಮೇಷ್ಟ್ರ ಕ್ರಮ ಸಿಗ್ತಿರಲಿಲ್ಲ. ಟಾರ್‌ಗೂ ಪಟ್ಟಿ ಕೊಡಬಹುದು, ಆಗ ಇದೇ ಹತ್ತೊಂಬತ್ತು ಅಲ್ಲೂ ಬಿಟ್ಟುಹೋಗ್ತಿದ್ದವು. ಒಂದು ವ್ಯತ್ಯಾಸ, ಗ್ನೂ ಟಾರ್ ಕೊನೆಯ ಸಾಲಿನಲ್ಲಿ "ಹಿಂದೆ ತಪ್ಪುಗಳಾಗಿವೆ" ಅಂತ ಇನ್ನೊಮ್ಮೆ ಹೇಳುತ್ತೆ. ಕೊನೆಯ ಸಾಲನ್ನು ನಾನು ಓದಿದ್ದೆ. ಹಾಗಾಗಿ ಬಹುಶಃ ಉಳೀತಿತ್ತು.

ಪ್ರಶ್ನೆ (ಅಧ್ಯಾಪಕರು): ನೀವು ಹೆಸರನ್ನೇ ಇಂಗ್ಲಿಷಿನಲ್ಲಿ ಇಟ್ಟಿದ್ದರೆ ಆಗ್ತಿತ್ತಲ್ಲ? ಇಷ್ಟು ದೊಡ್ಡ ವಿಷಯ ಮಾಡಬೇಕಾ?

ಆಗ್ತಿತ್ತು ಮೇಡಂ. ತುಂಬಾ ಜನ ಹಾಗೇ ಮಾಡ್ತಾರೆ, ನನಗೂ ಅದೇ ಸಲಹೆ ಬಂತು. ಆದರೆ ನೋಟ್‌ಬುಕ್ಕುಗಳಲ್ಲಿ ಇರೋದೇ ಹೆಸರುಗಳು. ಅಜ್ಜಿ ಹೇಳೋ ಹೆಸರನ್ನು ಹಾಗೇ ಉಳಿಸೋಕೆ ಅಂತ ಹೊರಟು, ಮೇಲಿನ ಚೀಟಿಯಲ್ಲಿ ಊರಿನ ಹೆಸರನ್ನೇ ಬದಲಾಯಿಸಿದರೆ ಹೇಗೆ? ಡೆಂಕಣಿಕೋಟೆಯನ್ನು ತಮಿಳಿನಲ್ಲಿ ತೇನ್‌ಕನಿಕ್ಕೋಟ್ಟೈ ಅಂತಾರೆ, ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಆಗ ಎರಡು ರೂಪದ ಬದಲು ಹತ್ತು ರೂಪ ಆಗುತ್ತೆ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ): ಹಾಗಾದರೆ ನಾವು ಏನು ಮಾಡಬೇಕು? ನನ್ನ ಹತ್ರಾನೂ ಇನ್ನೂರು ಸ್ಕ್ಯಾನ್ ಇವೆ.

ನಾಲ್ಕು ಕೆಲಸ. ಕಟ್ಟುವ ಮುಂಚೆ ಎಲ್ಲ ಕಡತಗಳ ಹೆಸರನ್ನೂ ಪಟ್ಟಿಯನ್ನೂ ಯೂನಿಕೋಡಿನ ಒಂದೇ ರೂಪಕ್ಕೆ ತನ್ನಿ. ಎನ್‌ಎಫ್‌ಸಿ ಅಂತಾರೆ, ಇಡಿಯಾಗಿ ಬರೆಯುವ ರೂಪ. ಎರಡನೆಯದು, ಫೈಂಡ್ ಕೊಟ್ಟ ಪಟ್ಟಿಯನ್ನೂ ನಿಮ್ಮ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಿ. ಇರುವುದು, ಇರಬೇಕಾದ್ದು, ಎರಡರ ವ್ಯತ್ಯಾಸವನ್ನು ಬರೆದಿಡಿ. ಮೂರನೆಯದು, ಕಟ್ಟಿದ ಮೇಲೆ ಒಳಗಿನ ಹೆಸರುಗಳನ್ನು ತೋರಿಸು ಅಂತ ಸಿಪಿಐಒವನ್ನೇ ಕೇಳಿ, ಬಿಚ್ಚದೆಯೇ ತೋರಿಸುತ್ತೆ. ಅದನ್ನು ಮೂಲ ಪಟ್ಟಿಯ ಜೊತೆ ಮತ್ತೆ ಹೋಲಿಸಿ, ಸಾಲು ಎಣಿಸಿ. ಮೊತ್ತ ತಾಳೆ ನೋಡುವ ಇನ್ನೊಂದು ರೂಪ ಇದೆ, ಸಿಆರ್‌ಸಿ ಅಂತ ಹೆಸರು. ಆದರೆ ಅದು ಬರೀ ಬೈಟುಗಳ ಕೂಡು ಲೆಕ್ಕ, ಅದನ್ನೊಂದೇ ನಂಬಬೇಡಿ.

ನಾಲ್ಕನೆಯದು ಯಂತ್ರದ ಕೆಲಸ ಅಲ್ಲ. ಮೂಲವನ್ನು ಅಳಿಸುವ ಮುಂಚೆ ಕಟ್ಟನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ, ಪಟ್ಟಿ ಮಾಡಿದವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದಾಗಿ ತೆರೆದು ತೋರಿಸಿ. ಈಗ ನಾನೂ ಮೇಷ್ಟ್ರೂ ಹಾಗೇ ಮಾಡ್ತೀವಿ. ಒಂದು ಮಧ್ಯಾಹ್ನ ಹಿಡಿಯುತ್ತೆ. ಅವರು ಕನ್ನಡಕ ಹಾಕಿಕೊಂಡು ಹೂಂ ಅಂದ ಮೇಲೆ ಹಾಳೆಯಲ್ಲಿ ಆ ಸಾಲಿಗೆ ಟಿಕ್ ಹಾಕ್ತೀನಿ. ಬೇರಿಕೆಯ ಐದು ಸಾಲಿಗೆ ಟಿಕ್ ಇಲ್ಲ. ಆ ಸಾಲುಗಳನ್ನು ಪಟ್ಟಿಯಿಂದ ತೆಗೆಯಬೇಡ ಅಂತ ಮೇಷ್ಟ್ರು ಹೇಳಿದ್ದಾರೆ, ತೆಗೆದಿಲ್ಲ.